ನಮ್ಮ ಚಿಮಣಿಗೆ ಬೇರೆ ಮಿತಿ ಕೇಳಿದ ಹಂಗಾಮು

ಬಿ.ಎಸ್ಸಿ. ಮುಗಿಸಿ ಇಂಡಿ ತಾಲ್ಲೂಕಿನ ಒಂದು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯಕ್ಕೆ ಸೇರಿದಾಗ ಅಲ್ಲಿ ಹೆಂಗಸರೆಂದರೆ ನಾನೊಬ್ಬಳೇ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ನನ್ನ ಊರು ಬಸವನ ಬಾಗೇವಾಡಿ. ಅಪ್ಪ ಅಲ್ಲಿ ಬಸ್‌ಸ್ಟ್ಯಾಂಡಿನ ಎದುರು ಬಟ್ಟೆ ಹೊಲಿಯುತ್ತಿದ್ದರು. ಮಗಳ ಕೆಲಸದ ಬಗ್ಗೆ ಗಿರಾಕಿಗಳಿಗೆ ಹೇಳುವಾಗ ‘ಲ್ಯಾಬ್‌ದಾಗ’ ಎಂಬ ಮಾತನ್ನು ಒಂದು ಸಲ ಹೆಚ್ಚಿಗೇ ಹೇಳುತ್ತಿದ್ದರಂತೆ. ನಾನು ಇಂಡಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ದಿನಾ ಮುಂಜಾನೆ ಟೆಂಪೊ ಹತ್ತಿ ಕಾರ್ಖಾನೆಗೆ ಹೋಗುವುದು, ಸಂಜೆ ಅದೇ ಟೆಂಪೊದಲ್ಲಿ ಕಬ್ಬಿನ ವಾಸನೆ ಹೊತ್ತು ವಾಪಸು ಬರುವುದು.

ನಮ್ಮ ಚೀಫ್ ಕೆಮಿಸ್ಟ್ ಮುದ್ದೇಬಿಹಾಳದವರು. ಐವತ್ತು ದಾಟಿದ ಮುಸ್ಲಿಂ ಗೃಹಸ್ಥರು. ತೆಳ್ಳಗಿನ ಆಳು, ಶರ್ಟಿನ ಕಿಸೆಯಲ್ಲಿ ಸದಾ ಮೂರು ಪೆನ್ನು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ನಾನು ಸೇರಿದ ದಿನ ಅವರು ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಗಂಧಕದ ಒಲೆಯ ಹತ್ತಿರ. ಹಳದಿ ಗಂಧಕದ ಹೆಂಟೆಗಳು ಅಲ್ಲಿ ನೀಲಿ ಜ್ವಾಲೆಯಲ್ಲಿ ಉರಿಯುತ್ತಿದ್ದವು. ಒಂದು ಸಲ ಉಸಿರು ಎಳೆದೆ. ಗಂಟಲಿಗೆ ಮುಳ್ಳು ಚುಚ್ಚಿದ ಹಾಗಾಗಿ ಕೆಮ್ಮುತ್ತ ಹೊರಗೆ ಓಡಿದೆ.

ಸಾಹೇಬರು ಹಿಂದಿನಿಂದ ಬಂದು ನೀರಿನ ಬಾಟಲಿ ಕೊಟ್ಟರು. "ಸಿಟ್ಟ ಮಾಡ್ಕೋಬ್ಯಾಡ ತಂಗಿ. ಸಕ್ಕರಿ ಹೆಂಗ ಬೆಳ್ಳಗ ಆಕ್ಕೈತಿ ಅಂತ ಪುಸ್ತಕದಾಗ ಓದಿದ್ದಿ. ಒಮ್ಮಿ ಗಂಟಲಿಗೂ ಗೊತ್ತಾಗ್ಲಿ ಅಂದೆ," ಎಂದರು.

ಕಬ್ಬಿನ ಹಾಲು ಗಾಣದಿಂದ ಇಳಿಯುವಾಗ ಹಸಿರುಗಪ್ಪಾಗಿ ಇರುತ್ತದೆ. ಅದಕ್ಕೆ ಸುಣ್ಣದ ನೀರು ಬೆರೆಸಿ, ಗಂಧಕ ಸುಟ್ಟ ಹೊಗೆ ಹಾಯಿಸಿದರೆ ಕೊಳೆ ತಳಕ್ಕಿಳಿದು ರಸ ತಿಳಿಯಾಗುತ್ತದೆ. ಸಕ್ಕರೆಯ ಬಿಳುಪು ಬರುವುದು ಅದರಿಂದಲೇ. ರಸಕ್ಕೆ ಹಿಡಿಯದೆ ಉಳಿದ ಹೊಗೆ ಛಾವಣಿಯ ಮೇಲಿನ ಒಂದು ಗಿಡ್ಡ ಕೊಳವೆಯಿಂದ ಹೊರಗೆ ಹೋಗುತ್ತಿತ್ತು. ಅದನ್ನೂ ನಾವು ಚಿಮಣಿ ಎಂದೇ ಕರೆಯುತ್ತಿದ್ದೆವು.

ಕಬ್ಬು ನುರಿಸುವ ನನ್ನ ಎರಡನೆಯ ಹಂಗಾಮು ಶುರುವಾಗುವ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯ ಪತ್ರ ಬಂತು. ಗಂಧಕದ ಹೊಗೆ ಇಷ್ಟಕ್ಕಿಂತ ಹೆಚ್ಚು ಇರಬಾರದು ಎಂದು ಎಲ್ಲ ಕಾರ್ಖಾನೆಗಳಿಗೂ ಒಂದೇ ಮಿತಿ ಹಾಕಿದ್ದರು. ನಮ್ಮ ಒಲೆ ಹಳೆಯದು, ಆ ಮಿತಿಯನ್ನು ದಿನವೂ ಮುಟ್ಟುವುದು ಅದರಿಂದ ಆಗದ ಮಾತು. ಆದರೆ ಪತ್ರದ ಕೊನೆಯಲ್ಲಿ ಒಂದು ಸಣ್ಣ ಕಲಮು ಇತ್ತು. ಯಾವುದೇ ಕಾರ್ಖಾನೆ ತನ್ನ ಜಾಗದ ಗಾಳಿ, ಚಿಮಣಿಯ ಎತ್ತರ, ಸುತ್ತಲಿನ ಮನೆ ಮತ್ತು ಬೆಳೆಗಳನ್ನು ಅಳೆದು ತೋರಿಸಿದರೆ, ಆ ಒಂದು ಜಾಗಕ್ಕೆಂದೇ ಬೇರೆ ಮಿತಿ ಕೇಳಬಹುದಿತ್ತು.

ನಮ್ಮ ಜನರಲ್ ಮ್ಯಾನೇಜರಿಗೆ ಆ ಕಲಮು ದೇವರು ಕೊಟ್ಟ ಕಿಟಕಿಯ ಹಾಗೆ ಕಂಡಿತು. ಸಾಹೇಬರನ್ನು ಕರೆಸಿ, ಸಡಿಲ ಮಿತಿ ಬರುವ ಹಾಗೆ ಅರ್ಜಿ ಹಾಕಲು ಹೇಳಿದರು. ಸಾಹೇಬರು ಕಾಗದ ಹಿಡಿದುಕೊಂಡು ಲ್ಯಾಬಿಗೆ ಬಂದು, ಕನ್ನಡಕ ಒರೆಸಿ, ನನ್ನ ಮುಂದೆ ಕೂತು ಒಂದೊಂದಾಗಿ ಓದಿದರು. ಮೊದಲು ನಕಾಶೆಯ ಜೊತೆ ಅರ್ಜಿ. ಆಮೇಲೆ ಇಡೀ ಹಂಗಾಮು ಗಾಳಿಯ ದಿಕ್ಕು ಬರೆದಿಡಬೇಕು, ಸುತ್ತಲಿನ ನಾಲ್ಕು ಜಾಗದಲ್ಲಿ ಗಾಳಿ ಅಳೆಯಬೇಕು. ಅದಾದ ಮೇಲೆ ಊರ ಚಾವಡಿಗೆ ನೋಟೀಸು ಅಂಟಿಸಿ ಜನರ ತಕರಾರು ಕೇಳಬೇಕು. ಕೊನೆಗೆ ವಿಚಾರಣೆ.

"ಇದನ್ನೆಲ್ಲಾ ಯಾರ ಮಾಡ್ತಾರ್ರಿ ಸರ್?" ಎಂದೆ.

"ಕಾಲು ಗಟ್ಟಿ ಇದ್ದವ್ರು," ಎಂದು ಅವರು ನನ್ನ ಚಪ್ಪಲಿಯ ಕಡೆ ನೋಡಿದರು.

ಹಾಗೆ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಗಾಳಿ ಎಳೆಯುವ ನಾಲ್ಕು ಯಂತ್ರ ತರಿಸಿದರು. ಪುಟ್ಟ ಗೂಡಿನಂಥ ತಗಡಿನ ಪೆಟ್ಟಿಗೆ, ಮೇಲೊಂದು ಮಾಡು, ಒಳಗೆ ಗಿರಣಿಯಂತೆ ಕೂಗುವ ಮೋಟಾರು. ಬಗಲಿಗೆ ಒಂದು ಗಾಜಿನ ನಳಿಕೆ, ಅದರಲ್ಲಿ ನೀರಿನಂಥ ದ್ರಾವಣ. ಎಳೆದ ಗಾಳಿ ಆ ದ್ರಾವಣದಲ್ಲಿ ಗುಳ್ಳೆಯೆಬ್ಬಿಸಿ ಹೋಗುವಾಗ ಗಂಧಕದ ಅಂಶ ಅದರಲ್ಲೇ ನಿಲ್ಲುತ್ತದೆ. ಆಮೇಲೆ ಒಂದು ಬಣ್ಣದ ಔಷಧ ಹನಿಸಿದರೆ ದ್ರಾವಣ ಕೆಂಪಡರುತ್ತದೆ. ಗಂಧಕ ಕಡಿಮೆ ಇದ್ದರೆ ತಿಳಿ ಗುಲಾಬಿ, ಹೆಚ್ಚಾದರೆ ಗಾಢ ನೇರಳೆಗೆಂಪು. ನಳಿಕೆಗಳು ಬಿಸಿಯಾಗಬಾರದೆಂದು ಅವುಗಳ ಸುತ್ತ ಬರ್ಫ, ಅಂದರೆ ಐಸ್, ತುಂಬಬೇಕಿತ್ತು. ವಾರಕ್ಕೆರಡು ದಿನ, ಸೋಮವಾರ ಮತ್ತು ಗುರುವಾರ, ನಾನು ಇಂಡಿಯ ಬರ್ಫದ ಅಂಗಡಿಯಿಂದ ಗಡ್ಡೆ ಕೊಂಡು, ಗೋಣಿತಟ್ಟಿನಲ್ಲಿ ಸುತ್ತಿ, ಕಾರ್ಖಾನೆಯ ಜೀಪಿನಲ್ಲಿ ಇಟ್ಟುಕೊಂಡು ಹೊರಡುತ್ತಿದ್ದೆ. ಹಗಲಿನ ಪಾಳಿ ನನ್ನದು, ಉಳಿದದ್ದು ಲ್ಯಾಬಿನ ಗಂಡಸರದು. ಮೊದಲ ತಿಂಗಳಲ್ಲೇ ಒಂದು ಯಂತ್ರದ ಮೋಟಾರು ಸುಟ್ಟಿತು. ಸಿಂದಗಿಯಲ್ಲಿ ಪಂಪ್‌ಸೆಟ್ ಮೋಟಾರು ಸುತ್ತುವವನ ಹತ್ತಿರ ಒಯ್ದರೆ ಆತ ಅದನ್ನು ಹೊರಳಿಸಿ ನೋಡಿ, "ಇದು ನೀರ ಎತ್ತೂದಿಲ್ಲ, ಹಿಟ್ಟ ಬೀಸೂದಿಲ್ಲ. ಬರೇ ಗಾಳಿ ಎಳಿಯಾಕ ಇಷ್ಟ ತಂತಿ ಏನ್ರಿ ಬಾಯಾರ?" ಎಂದು ನಕ್ಕರೂ ಸಂಜೆಯೊಳಗೆ ಸರಿ ಮಾಡಿ ಕೊಟ್ಟ.

ಮೂರು ಜಾಗ ಸುಲಭವಾಗಿ ಸಿಕ್ಕವು. ಒಂದು ನಮ್ಮ ಕಾಲೊನಿ, ಒಂದು ಶಾಲೆಯ ಮಾಳಿಗೆ, ಮತ್ತೊಂದು ಸಾಲೋಟಗಿ ಕಡೆ ಹೋಗುವ ದಾರಿಯಲ್ಲಿದ್ದ ಗೋದಾಮು. ನಾಲ್ಕನೆಯದು ಕಾರ್ಖಾನೆಯ ಪಡುವಣಕ್ಕೆ ಬೇಕಿತ್ತು. ಚಳಿಗಾಲದಲ್ಲಿ, ಅಂದರೆ ನಾವು ಕಬ್ಬು ನುರಿಸುವ ಹೊತ್ತಿನಲ್ಲೇ, ಮೂಡಗಾಳಿ ಬೀಸುವುದು ಆ ಕಡೆಗೆ. ಅಲ್ಲಿ ಒಂದು ಲಿಂಬೆಯ ತೋಟ, ತೋಟದ ನಡುವೆ ಒಂದು ಮಣ್ಣಿನ ಮಾಳಿಗೆಯ ಮನೆ. ತೋಟದ ಯಜಮಾನಿ ಎಪ್ಪತ್ತರ ಆಸುಪಾಸಿನ ವಿಧವೆ. ಸುತ್ತಲಿನವರೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದರು.

ಸಾಹೇಬರು ಮತ್ತು ನಾನು ಹೋದಾಗ ಆಯಿ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದರು. ನಾವು ಕಾರ್ಖಾನೆಯವರು, ಮಾಳಿಗೆಯ ಮೇಲೆ ಯಂತ್ರ ಇಡಲು ಜಾಗ ಕೇಳಲು ಬಂದವರು ಎಂದು ತಿಳಿದದ್ದೇ ಸೂಜಿಯನ್ನು ಕೌದಿಗೆ ಚುಚ್ಚಿ ನಿಲ್ಲಿಸಿದರು.

"ಎರಡ ವರ್ಷಾತು, ಸುಟ್ಟ ಟೊಂಗಿ ಮುರದ ಮುರದ ನಿಮ್ಮ ಗೇಟಿಗೆ ಕಳಿಸೇನಿ. ಒಬ್ಬರರ ಬಂದ್ರೇನು? ಈಗ ನಿಮಗ ನನ್ನ ಮಾಳಿಗಿ ಬೇಕಾತು ಹೌದಲ್ಲ?"

ಸಾಹೇಬರ ಮುಖ ಬಾಡಿತು. "ನನ್ನತನಕ ಮುಟ್ಟಿಲ್ಲರಿ ಅವ್ವಾರ. ಮುಟ್ಟಿದ್ರ ಬರ್ತಿದ್ದೆ. ಆದ್ರ ಬಂದಿಲ್ಲ ಅನ್ನೂದು ಖರೇನ. ತಪ್ಪಾತ್ರಿ," ಎಂದರು.

ಆಯಿ ಎದ್ದು ನಮ್ಮನ್ನು ತೋಟದ ಮೂಡಣ ಅಂಚಿಗೆ ಕರೆದೊಯ್ದರು. ಮೊದಲ ಎರಡು ಸಾಲಿನ ಗಿಡಗಳ ಎಲೆಗಳು ಅಂಚಿನಲ್ಲಿ ಕಂದಿ, ನಡುವೆ ಹಳದಿ ಚುಕ್ಕೆ ಎದ್ದಿದ್ದವು. ಸಾಹೇಬರು ಒಂದು ಎಲೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇದು ಹೊಗೆಯಿಂದಲೋ ರೋಗದಿಂದಲೋ ಎಂದು ನಾನು ಕೇಳಿದೆ. "ಎಲಿ ನೋಡಿ ಹೇಳಾಕ ನಾನೇನ್ ಡಾಕ್ಟರಲ್ಲ. ಅಳದ ನೋಡೂಣು," ಎಂದರು.

ವಾಪಸು ಕಟ್ಟೆಗೆ ಬಂದು ಯಂತ್ರ, ನಳಿಕೆ, ಅದರಲ್ಲಿ ಬಣ್ಣ ಬರುವ ಬಗೆ ಎಲ್ಲ ಹೇಳಿದೆವು. ಆಯಿ ಪಾನಕ ಕೊಟ್ಟರು. ಕೊಟ್ಟು, ಕೇಳಿದರು: "ನಿಮ್ಮ ಮಷಿನ್ನು ಸುಳ್ಳ ಹೇಳ್ತೈತೇನು?"

"ಮಷಿನ್ ಸುಳ್ಳ ಹೇಳಂಗಿಲ್ರಿ. ಹೇಳಿದ್ರ ನಾವ ಹೇಳಬೇಕು," ಎಂದರು ಸಾಹೇಬರು.

ಆಯಿ ಮೊದಲ ಸಲ ನಕ್ಕರು. "ಹಂಗಾರ ಒಂದ ಶರತ್ತು. ಈ ಹುಡುಗಿ ಬಣ್ಣ ಬರಸ್ತಾಳಂತಲ್ಲ, ಅದನ್ನ ನನ್ನ ಮುಂದ ಬರಸಬೇಕು. ನಾ ನೋಡಿದ ಮ್ಯಾಲ ನಿಮ್ಮ ಬುಕ್ಕಿನಾಗ ಬರಕೋರಿ."

ಅದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಇರಬಾರದು ಎಂದೂ ಇರಲಿಲ್ಲ. ಸಾಹೇಬರು ಒಪ್ಪಿದರು. ದ್ರಾವಣದಲ್ಲಿ ಪಾದರಸದ ಅಂಶವಿದೆ, ಆಯಿಗೆ ಮುಟ್ಟಗೊಡಬೇಡ ಎಂದು ನನಗೆ ಎರಡೆರಡು ಸಲ ಹೇಳಿದರು.

ಅಂದಿನಿಂದ ಸೋಮವಾರ, ಗುರುವಾರಗಳು ನನಗೆ ಬೇರೆಯೇ ದಿನಗಳಾದವು. ಉಳಿದ ಮೂರು ಜಾಗದ ನಳಿಕೆಗಳನ್ನು ಸಂಗ್ರಹಿಸಿ ಕೊನೆಗೆ ಆಯಿಯ ಮನೆಗೆ ಹೋಗುತ್ತಿದ್ದೆ. ನಿಚ್ಚಣಿಕೆ ಏರಿ ಮಾಳಿಗೆಯ ಮೇಲಿನ ನಳಿಕೆ ಇಳಿಸಿ, ಕಟ್ಟೆಯ ಮೇಲೆ ಬಿಳಿ ಕಾಗದ ಹಾಸಿ, ಔಷಧ ಹನಿಸಿ, ಅರ್ಧ ಗಂಟೆ ಕಾಯಬೇಕು. ಬಣ್ಣ ನಿಂತ ಮೇಲೆ ಅದನ್ನು ಲ್ಯಾಬಿಗೆ ಒಯ್ದು, ಉಪಕರಣದಲ್ಲಿ ಅಂಕಿ ಓದಿ ಪುಸ್ತಕಕ್ಕೆ ಬರೆಯುವುದು. ಆ ಅರ್ಧ ಗಂಟೆಯಲ್ಲಿ ಆಯಿ ನನಗೆ ಊಟಕ್ಕೆ ಹಾಕುತ್ತಿದ್ದರು. ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು. ಬೇಡ ಎಂದರೆ, "ಬಣ್ಣ ಬರೂತನ ಸುಮ್ಮ ಕುಂತು ಏನ್ ಮಾಡ್ತಿ? ಉಣ್ಣು," ಎನ್ನುವರು. ಒಂದು ಸಲ ನಾನು ಜ್ವರದಿಂದ ಹೋಗಿದ್ದಾಗ ಯಂತ್ರಕ್ಕೆಂದು ತಂದ ಬರ್ಫದಲ್ಲಿ ಒಂದು ಚೂರು ಒಡೆದು ಬಟ್ಟೆಯಲ್ಲಿ ಕಟ್ಟಿ ನನ್ನ ಹಣೆಗೆ ಒತ್ತಿ ಕೂರಿಸಿದರು. "ಮಷಿನ್‌ಗಿಂತ ನಿನಗ ಬೇಕಾಗೈತಿ," ಎಂದರು.

ಆಯಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಮೊದಲ ದಿನದಿಂದಲೇ ಅವರು ತಮ್ಮದೊಂದು ಲೆಕ್ಕ ಶುರು ಮಾಡಿದ್ದರು. ನಳಿಕೆಯಲ್ಲಿ ಬಣ್ಣ ನಿಂತ ಮೇಲೆ ಕೌದಿಯ ದಾರದ ಡಬ್ಬಿ ತೆಗೆದು, ಆ ಬಣ್ಣಕ್ಕೆ ಹೊಂದುವ ದಾರ ಹುಡುಕಿ, ಒಂದು ತುಂಡು ಹರಿದು ಒಂದು ಬಿಳಿ ಹುರಿಗೆ ಕಟ್ಟುತ್ತಿದ್ದರು. ಮೂರು ಹೆಸರಿಟ್ಟಿದ್ದರು: ತಿಳಿ, ಗುಲಾಬಿ, ಬದನಿ. ಗಾಳಿ ಬೇರೆ ಕಡೆಯಿಂದ ಬಂದ ದಿನ ತಿಳಿ. ಮೂಡಗಾಳಿ ಬಂದ ದಿನ ಗುಲಾಬಿ. ಮೂಡಗಾಳಿಯ ಜೊತೆ ಮಂಜು ಕವಿದ ದಿನಗಳಲ್ಲಿ ಬದನೆಕಾಯಿಯ ಬಣ್ಣವೇ. ನನಗೆ ಅದು ಮೊದಲು ಮುದುಕಿಯ ಆಟದ ಹಾಗೆ ಕಂಡಿತ್ತು. ದಾರ ಆರಿಸುವುದರಲ್ಲಿ ಎಷ್ಟು ಹಟ ಮಾಡುತ್ತಿದ್ದರೆಂದರೆ, ಒಂದು ದಿನ ಸರಿಯಾದ ಗುಲಾಬಿ ಸಿಗದೆ ತಮ್ಮ ಹಳೆಯ ಕುಬಸದ ಹೊಲಿಗೆಯನ್ನೇ ಬಿಚ್ಚಿ ಎಳೆ ತೆಗೆದರು.

ಸಂಕ್ರಾಂತಿಯ ಹೊತ್ತಿಗೆ ಅಂಕಿಗಳು ತಮ್ಮ ಮಾತು ಹೇಳಿಬಿಟ್ಟಿದ್ದವು. ಮೂರು ಜಾಗದಲ್ಲಿ ಗಾಳಿ ಚೊಕ್ಕ. ಆಯಿಯ ಮಾಳಿಗೆಯ ಮೇಲೆ ಮಾತ್ರ, ಮೂಡಗಾಳಿಯ ದಿನ, ಇರಬೇಕಾದ್ದಕ್ಕಿಂತ ಹೆಚ್ಚು.

ಜನರಲ್ ಮ್ಯಾನೇಜರ್ ಅಂಕಿಗಳ ತಖ್ತೆ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ಕಬ್ಬು ತಂದ ಗಾಡಿಗಳು ಗೇಟಿನ ಹೊರಗೆ ಸಾಲು ನಿಂತರೆ ನಿದ್ದೆ ಮಾಡದವರು. ಆದರೆ ಆ ದಿನ ಅವರು ಪೆನ್ಸಿಲಿನ ತುದಿಯನ್ನು ನಕಾಶೆಯ ಮೇಲೆ ಇಟ್ಟು, "ಈ ನಾಲ್ಕನೇದು ಇಲ್ಲಿ ಬ್ಯಾಡ್ರಿ. ಹಿಂಗ ಬಡಗಣಕ್ಕ ಸರಸ್ರಿ. ನಾಲ್ಕ ಜಾಗ ಅಂದಾರ, ಇದ ಜಾಗ ಅಂತ ಎಲ್ಲಿ ಅಂದಾರ?" ಎಂದರು.

ಸಾಹೇಬರು ತಖ್ತೆಯನ್ನು ಮಡಚಿ ಕೈಗೆತ್ತಿಕೊಂಡರು. "ಎರಡ ದಿನ ರಜಾ ಕೊಡ್ರಿ ಸರ್. ಊರಿಗೆ ಹೋಗಿ ಬರ್ತೇನಿ," ಎಂದು ಮುದ್ದೇಬಿಹಾಳಕ್ಕೆ ಹೊರಟರು.

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಜಾಗ ಸರಿಸಿದ ನಕಾಶೆಗೆ ಸಾಹೇಬರು ಸಹಿ ಮಾಡಿದರೆ ಆಯಿಯ ಮುಖ ನೋಡುವುದು ಹೇಗೆ? ಮಾಡದಿದ್ದರೆ ನಮ್ಮಿಬ್ಬರ ಗತಿ ಏನು? ಆ ಭಾನುವಾರ ಬಾಗೇವಾಡಿಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಯಾರದೋ ಪೈಜಾಮಕ್ಕೆ ಕಾಜಾ ಹಾಕುತ್ತಿದ್ದರು. ತಲೆ ಎತ್ತದೆ, "ಅಳತಿ ತಪ್ಪಿ ಹೊಲದದ್ದು ಗಿರಾಕಿ ಹಾಕ್ಕೊಂಡ್ ಕೂಡ್ಲೇ ಗೊತ್ತಾಕ್ಕೈತಿ ಮಗಳ. ಬಿಚ್ಚಿ ಹೊಲೀಲಿಕ್ಕ ಬೇಕು," ಎಂದರು. ಸಮಾಧಾನ ಹೇಳಿದರೋ ಹೆದರಿಸಿದರೋ ನನಗೆ ತಿಳಿಯಲಿಲ್ಲ. ಬಸ್ಸು ಹತ್ತಿಸಲು ಬಂದವರು ಕಿಟಕಿಯ ಹತ್ತಿರ ನಿಂತು, "ಕೆಲಸ ಹೋದ್ರ ಮನಿ ಐತಿ," ಎಂದರು. ಅದು ತಿಳಿಯಿತು.

ಸೋಮವಾರ ಸಾಹೇಬರು ವಾಪಸು ಬಂದರು. ಕೈಯಲ್ಲಿ ಮನೆಯಾಕೆ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ, ಕಿಸೆಯಲ್ಲಿ ಎರಡೂ ಬದಿ ಬರೆದು ತುಂಬಿಸಿದ ಒಂದು ಹಾಳೆ. ನೇರವಾಗಿ ಮ್ಯಾನೇಜರ ಕೋಣೆಗೆ ಹೋದರು. ನನ್ನನ್ನೂ ಕರೆದರು.

"ಸರ್, ಜಾಗ ಸರಸೂದು ಬ್ಯಾಡ. ನಕಾಶಿ ಮಂಡಳಿ ಕಡೆ ಹೋಗೇತಿ, ನಾಳೆ ಅವ್ರು ಬಂದು ಕೇಳಿದ್ರ ನನ್ನ ಕಡೆ ಉತ್ತರಿಲ್ಲ. ನಾವು ಕೇಳೂ ರೀತಿನ ಬದಲ ಮಾಡೂಣು. ಒಂದ ಸಡಿಲ ಮಿತಿ ಬ್ಯಾಡ, ಎರಡ ಮಿತಿ ಕೇಳೂಣು. ಗಾಳಿ ಬ್ಯಾರೆ ಕಡಿಂದ ಇದ್ದಾಗ ಒಂದು. ಮೂಡಗಾಳಿ ಇದ್ದಾಗ ಅದಕ್ಕಿಂತ ಬಿಗಿ ಇನ್ನೊಂದು."

"ಬಿಗಿ ಮಿತಿ ಮುಟ್ಟೂದು ಹೆಂಗ್ರಿ? ಒಲಿ ಹಳೇದು."

ಸಾಹೇಬರು ಹಾಳೆ ಬಿಡಿಸಿದರು. ನಮ್ಮ ಹಿಂದಿನ ಅಂಗಳದಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಒಂದು ಎತ್ತರದ ಹಂಡೆಯ ಚಿತ್ರ ಅದರಲ್ಲಿತ್ತು. ಹೊಗೆಯನ್ನು ನೇರ ಹೊರಗೆ ಬಿಡದೆ ಆ ಹಂಡೆಯ ತಳದಿಂದ ಹಾಯಿಸುವುದು, ಮೇಲಿನಿಂದ ಸುಣ್ಣದ ನೀರು ಮಳೆಯ ಹಾಗೆ ಸುರಿಸುವುದು. ಸುಣ್ಣ ಗಂಧಕವನ್ನು ಹಿಡಿದುಕೊಳ್ಳುತ್ತದೆ. ಉಳಿದ ಹೊಗೆಗೆ ಕೊಳವೆಯನ್ನು ಇನ್ನಷ್ಟು ಎತ್ತರ ಮಾಡುವುದು. ಸುಣ್ಣ ನಮ್ಮಲ್ಲೇ ಇತ್ತು, ಹಂಡೆಯೂ ಇತ್ತು, ವೆಲ್ಡಿಂಗ್ ಮಾಡುವವರೂ ಇದ್ದರು.

ಮ್ಯಾನೇಜರ್ ಬಹಳ ಹೊತ್ತು ಚಿತ್ರ ನೋಡಿದರು. "ಇದು ನಡೀಲಿಲ್ಲಂದ್ರ?"

"ನಡೀಲಿಲ್ಲಂದ್ರ ನನ್ನ ಹೆಸರ ಬರೀರಿ ಸರ್," ಎಂದರು ಸಾಹೇಬರು. ಆಮೇಲೆ ಡಬ್ಬಿ ತೆರೆದು, "ಮೊದಲ ಹೋಳಿಗಿ ತಗೋರಿ," ಎಂದರು.

ಹತ್ತು ಹನ್ನೆರಡು ದಿನಗಳಲ್ಲಿ ಹಂಡೆ ಎದ್ದು ನಿಂತಿತು. ಮೊದಲ ದಿನ ಸುಣ್ಣ ಗಡ್ಡೆ ಕಟ್ಟಿ ಕೊಳವೆ ಮುಚ್ಚಿಹೋಯಿತು. ಸಾಹೇಬರು ತಾವೇ ಏಣಿ ಏರಿ ಅದನ್ನು ಬಿಡಿಸಿ, ಮೀಸೆಯವರೆಗೂ ಬೆಳ್ಳಗಾಗಿ ಇಳಿದರು. ಎರಡನೆಯ ಸಲ ಸುಣ್ಣವನ್ನು ಸೋಸಿ ಬಿಟ್ಟೆವು. ಆ ಗುರುವಾರ ಮೂಡಗಾಳಿಯ ಜೊತೆ ಮಂಜೂ ಇತ್ತು. ಆಯಿಯ ಕಟ್ಟೆಯ ಮೇಲೆ ಔಷಧ ಹನಿಸಿ ಇಬ್ಬರೂ ನಳಿಕೆ ನೋಡುತ್ತ ಕೂತೆವು. ಹದಿನೈದು ನಿಮಿಷ, ಇಪ್ಪತ್ತು, ಅರ್ಧ ಗಂಟೆ. ನಳಿಕೆ ಗುಲಾಬಿಯಲ್ಲೇ ನಿಂತಿತು, ಅದೂ ತಿಳಿಯ ಕಡೆಗೆ ವಾಲಿದ ಗುಲಾಬಿ.

"ಔಷಧ ಕಮ್ಮಿ ಹಾಕಿಲ್ಲ ಹೌದಲ್ಲ?" ಎಂದರು ಆಯಿ.

"ನಿಮ್ಮಾಣಿ, ಕಮ್ಮಿ ಹಾಕಿಲ್ರಿ ಆಯಿ."

ಅವರು ದಾರದ ಡಬ್ಬಿ ತೆಗೆದರು. ಆ ದಿನ ದಾರ ಆರಿಸಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಹಂಗಾಮು ಮುಗಿದ ಮೇಲೆ, ಬೇಸಗೆಯಲ್ಲಿ, ಇಂಡಿಯ ಒಂದು ಸರಕಾರಿ ಸಭಾಂಗಣದಲ್ಲಿ ವಿಚಾರಣೆ ನಡೆಯಿತು. ಮಂಡಳಿಯ ಅಧಿಕಾರಿ ಮಿತಭಾಷಿ. ತೋಳಿಲ್ಲದ ಕುರ್ಚಿಯಲ್ಲಿ ನೆಟ್ಟಗೆ ಕೂತು ನಮ್ಮ ತಖ್ತೆಗಳನ್ನು ಒಂದೊಂದಾಗಿ ತಿರುವಿದರು. ಊರಿನ ಮೂವತ್ತು ನಲವತ್ತು ಜನ ಬಂದಿದ್ದರು. ಆಯಿ ಮುಂದಿನ ಸಾಲಿನಲ್ಲಿ, ಮಡಿಲಲ್ಲಿ ಒಂದು ಕೈಚೀಲ ಇಟ್ಟುಕೊಂಡು ಕೂತಿದ್ದರು.

"ಅಂಕಿ ಎಲ್ಲಾ ಚಂದ ಅದಾವ್ರಿ," ಎಂದರು ಅಧಿಕಾರಿ. "ಆದ್ರ ಇವನ್ನ ಅಳದವ್ರು ನೀವ, ಬರದವ್ರು ನೀವ. ನಾನು ಹೆಂಗ ನಂಬೂದು?"

ಸಾಹೇಬರು ಬಾಯಿ ತೆರೆಯುವ ಮೊದಲೇ ಆಯಿ ಎದ್ದರು. ಕೈಚೀಲದಿಂದ ಹುರಿಯನ್ನು ತೆಗೆದು ಮೇಜಿನ ಮೇಲೆ ಉದ್ದಕ್ಕೂ ಹಾಸಿದರು. ಸಾಲಾಗಿ ಬಣ್ಣದ ದಾರದ ತುಂಡುಗಳು.

"ಇದು ನನ್ನ ಬುಕ್ಕು," ಎಂದರು. "ವಾರಕ್ಕ ಎರಡು. ಒಂದೂ ಬಿಟ್ಟಿಲ್ಲ."

ಅಧಿಕಾರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಪೆನ್ನು ಕೆಳಗಿಟ್ಟು, ನನ್ನ ಕಡೆ ತಿರುಗಿ, ಪುಸ್ತಕ ತರಲು ಹೇಳಿದರು. ಆಯಿ ಮೊದಲು ದಾರ ಹಿಡಿದು ಬಣ್ಣ ಹೇಳಬೇಕು, ಆಮೇಲೆ ನಾನು ಆ ದಿನದ ಅಂಕಿ ಓದಬೇಕು.

"ತಿಳಿ," ಎಂದರು ಆಯಿ. ನಾನು ಓದಿದೆ, ಸಣ್ಣ ಅಂಕಿ. "ಗುಲಾಬಿ." ಅಂಕಿ ಏರಿತ್ತು. "ಗುಲಾಬಿ. ತಿಳಿ. ಬದನಿ." ಒಂದೊಂದೂ ಕೂಡುತ್ತ ಹೋಯಿತು. ಸಭೆಯಲ್ಲಿ ಪಿಸುಮಾತು ನಿಂತು ಎಲ್ಲರೂ ಕೇಳತೊಡಗಿದ್ದರು. ಅಧಿಕಾರಿಯ ಮುಖ ಕೂಡ ಸಡಿಲಾಗಿತ್ತು.

"ಬದನಿ," ಎಂದರು ಆಯಿ ಮತ್ತೆ. ನಾನು ಅಂಕಿ ನೋಡಿದೆ. ಪುಸ್ತಕದಲ್ಲಿದ್ದದ್ದು ಗುಲಾಬಿಯ ಅಂಕಿ.

"ಓದ್ರಿ ಬಾಯಾರ," ಎಂದರು ಅಧಿಕಾರಿ.

ಓದಿದೆ. ಸಭೆಯಲ್ಲಿ ಯಾರೋ ನಕ್ಕರು. ಹಿಂದಿನಿಂದ ಒಬ್ಬರು, "ಮುದುಕಿ ದಾರ ತಪ್ಪಿಸ್ಯಾಳ," ಎಂದರು. ಆಯಿ ದಾರವನ್ನು ಬೆಳಕಿಗೆ ಹಿಡಿದು ನೋಡಿದರು. "ಇಲ್ಲ. ಅವತ್ತ ಎದುರಿಗಿನ ಗಿಡ ಕಾಣದಂಗ ಮಂಜ ಬಿದ್ದಿತ್ತು. ಬದನಿನ," ಎಂದರು. ನನ್ನ ಕಡೆ ನೋಡಲಿಲ್ಲ.

ನನಗೆ ಆ ದಿನ ನೆನಪಾಯಿತು. ಬಣ್ಣ ಎಷ್ಟು ಗಾಢವಾಗಿತ್ತೆಂದರೆ ಲ್ಯಾಬಿನ ಉಪಕರಣ ಅದನ್ನು ಓದಲಿಲ್ಲ. ಅಂಥ ಹೊತ್ತಿನಲ್ಲಿ ಅಷ್ಟೇ ಪ್ರಮಾಣದ ಬಣ್ಣವಿಲ್ಲದ ದ್ರಾವಣ ಬೆರೆಸಿ, ಅರ್ಧಕ್ಕಿಳಿಸಿ ಓದಿ, ಬಂದ ಅಂಕಿಯನ್ನು ಎರಡರಿಂದ ಗುಣಿಸಬೇಕು. ನಾನು ಅರ್ಧಕ್ಕಿಳಿಸಿದ್ದೆ. ಗುಣಿಸಲು ಮರೆತಿದ್ದೆ. ಪುಟದ ಅಂಚಿನಲ್ಲಿ ನನ್ನದೇ ಅಕ್ಷರದಲ್ಲಿ ಪೆನ್ಸಿಲಿನಿಂದ ‘ಅರ್ಧ’ ಎಂದು ಬರೆದದ್ದು ಈಗಲೂ ಇತ್ತು.

ಸುಮ್ಮನಿದ್ದರೆ ಆಗುತ್ತಿತ್ತು. ಮುದುಕಿಯ ಕಣ್ಣು, ಕೌದಿಯ ದಾರ, ಒಂದು ದಿನದ ವ್ಯತ್ಯಾಸ. ಯಾರೂ ಮುಂದೆ ಕೇಳುತ್ತಿರಲಿಲ್ಲ. ಆ ಯೋಚನೆ ನನಗೆ ಬಂದದ್ದು ನಿಜ, ಅದನ್ನು ಮುಚ್ಚಿಟ್ಟು ಏನು ಮಾಡಲಿ. ಆದರೆ ಆಯಿ ನಿಂತೇ ಇದ್ದರು, ಆ ದಾರವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು.

"ತಪ್ಪು ನಂದರೀ ಸರ್," ಎಂದೆ. "ಆಯಿ ದಾರ ಸರಿ ಐತಿ. ನಾ ಎರಡಪಟ್ಟು ಮಾಡೂದು ಮರತೇನ್ರಿ. ಖರೇ ಅಂಕಿ ಇದರ ಎರಡಪಟ್ಟು."

ಮ್ಯಾನೇಜರ್ ಕಣ್ಣು ಮುಚ್ಚಿಕೊಂಡರು. ಸಾಹೇಬರು ಕಿಸೆಯ ಮೂರು ಪೆನ್ನಿನಲ್ಲಿ ಕೆಂಪನ್ನು ತೆಗೆದು, ಮುಚ್ಚಳ ಬಿಚ್ಚಿ, ನನ್ನ ಮುಂದೆ ಸರಿಸಿದರು. ನಾನು ಹಳೆಯ ಅಂಕಿಗೆ ಗೆರೆ ಎಳೆದು, ಹೊಸದನ್ನು ಬರೆದು, ಸಹಿ ಮಾಡಿದೆ. ಅಧಿಕಾರಿ ಪುಸ್ತಕ ತಮ್ಮ ಕಡೆ ತಿರುಗಿಸಿಕೊಂಡು ಅಂಚಿನ ‘ಅರ್ಧ’ವನ್ನು ನೋಡಿದರು, ನನ್ನ ಸಹಿಯನ್ನು ನೋಡಿದರು.

"ಮುಂದಿನದು ಹೇಳ್ರಿ ಆಯಿ," ಎಂದರು.

ಕೊನೆಯವರೆಗೂ ಓದಿದೆವು. ಹಂಡೆ ಕೆಲಸ ಶುರುಮಾಡಿದ ಗುರುವಾರದಿಂದ ಮುಂದೆ ಹುರಿಯಲ್ಲಿ ಬದನೆಯ ಬಣ್ಣ ಒಂದೂ ಇರಲಿಲ್ಲ. ಅದನ್ನು ನಾವು ಬಾಯಿಬಿಟ್ಟು ಹೇಳಬೇಕಾಗಲಿಲ್ಲ, ಮೇಜಿನ ಮೇಲೆ ಕಾಣುತ್ತಿತ್ತು.

ಹೊರಗೆ ಬಂದಾಗ ನಾನು ಅತ್ತುಬಿಟ್ಟೆ. ಕೆಲಸ ಹೋಯಿತೆಂದೇ ಅಂದುಕೊಂಡಿದ್ದೆ. ಆಯಿ ಸೆರಗಿನಿಂದ ನನ್ನ ಮುಖ ಒರೆಸಿ, ಸಾಹೇಬರ ಕಡೆ ತಿರುಗಿ, "ಈಕಿಗೆ ಬೈದೀ ಅಂದ್ರ ನೋಡ ತಮ್ಮಾ," ಎಂದರು. ಅಲ್ಲಿಯವರೆಗೆ ಅವರನ್ನು ಸಾಹೇಬ್ರ ಎನ್ನುತ್ತಿದ್ದ ಆಯಿ ತಮ್ಮಾ ಎಂದದ್ದು ಅವತ್ತೇ ಮೊದಲು.

"ಬೈಯಾಂಗಿಲ್ರಿ ಅವ್ವಾರ. ಆದ್ರ ಇಡೀ ಹಂಗಾಮಿನ ಲೆಕ್ಕ ಇನ್ನೊಮ್ಮಿ ಮಾಡಸ್ತೇನಿ," ಎಂದರು ಸಾಹೇಬರು. ಮಾಡಿಸಿದರು ಕೂಡ. ಮೂರು ವಾರ ಹಿಡಿಯಿತು. ಬೇರೆ ತಪ್ಪು ಸಿಗಲಿಲ್ಲ.

ಆದೇಶ ಮಳೆಗಾಲದಲ್ಲಿ ಬಂತು. ನಮ್ಮ ಚಿಮಣಿಗೆ ಎರಡು ಮಿತಿ ಕೊಟ್ಟಿದ್ದರು. ಮೂಡಗಾಳಿಯ ಮಿತಿ ಸಾಹೇಬರು ಕೇಳಿದ್ದಕ್ಕಿಂತ ಇನ್ನೂ ಸ್ವಲ್ಪ ಬಿಗಿಯಾಗಿತ್ತು. ಸುಣ್ಣದ ಹಂಡೆ ಕೆಟ್ಟರೆ ಗಂಧಕದ ಒಲೆ ಆರಿಸಬೇಕು. ನಾಲ್ಕನೆಯ ಯಂತ್ರ ಕಾರ್ಖಾನೆ ನಡೆಯುವತನಕ ಅದೇ ಮಾಳಿಗೆಯ ಮೇಲೆ ಇರಬೇಕು. ಅಕ್ಕಪಕ್ಕದ ಯಾವ ರೈತರು ಬಂದು ಕೇಳಿದರೂ ಪುಸ್ತಕ ತೋರಿಸಬೇಕು. ಮ್ಯಾನೇಜರ್ ಒಂದೆರಡು ದಿನ ಗೊಣಗಿದರು. ಆಮೇಲೆ ಚಿಮಣಿಯ ಪಕ್ಕ ಒಂದು ಕಂಬ ನೆಡಿಸಿ, ಗಾಳಿಯ ದಿಕ್ಕು ಎಲ್ಲರಿಗೂ ಕಾಣಲೆಂದು ಬಟ್ಟೆಯ ಚೀಲ ಕಟ್ಟಿಸಿದರು. ಅದನ್ನು ಹೊಲಿದದ್ದು ಬಾಗೇವಾಡಿಯಲ್ಲಿ, ನನ್ನ ಅಪ್ಪ. ಆ ವರ್ಷದ ಕೊನೆಗೆ ನನ್ನ ಕೆಲಸ ಕಾಯಂ ಆಯಿತು. ಶಿಫಾರಸು ಬರೆದವರು ಮ್ಯಾನೇಜರೇ ಎಂದು ಆಮೇಲೆ ತಿಳಿಯಿತು.

ತೋಟದ ಮೊದಲ ಎರಡು ಸಾಲು ಉಳಿಯಲಿಲ್ಲ. ಆಯಿ ಅವನ್ನು ಕಡಿಸಿ ಹೊಸ ಸಸಿ ಹಚ್ಚಿದರು. ಕಾರ್ಖಾನೆ ಸಸಿಗಳನ್ನು ಕೊಟ್ಟಿತು, ಆಯಿ ಅರ್ಧದಷ್ಟನ್ನು ಚೆನ್ನಾಗಿಲ್ಲ ಎಂದು ವಾಪಸು ಕಳಿಸಿ ಬೇರೆ ತರಿಸಿಕೊಂಡರು. ಉಳಿದ ಗಿಡಗಳು ಮಾತ್ರ ಮರುವರ್ಷ ಹೊಸ ಎಲೆ ತಳೆದವು. ಸಾಹೇಬರು ನಿವೃತ್ತರಾಗುವ ತನಕ ಹಂಗಾಮಿನಲ್ಲಿ ತಿಂಗಳಿಗೊಮ್ಮೆ ಆಯಿಯ ಕಟ್ಟೆಗೆ ಹೋಗಿ ಪುಸ್ತಕ ಓದಿ ಹೇಳಿ ಬರುತ್ತಿದ್ದರು. ಓದುವುದು ಹತ್ತು ನಿಮಿಷ, ಮಾತು ಎರಡು ತಾಸು.

ನಾನು ಮದುವೆಯಾಗಿ ಕೆಲಸ ಬದಲಿಸಿದೆ. ಕೆಲವು ವರ್ಷಗಳ ನಂತರ, ಹೊಸ ಶತಮಾನ ಶುರುವಾಗಿ ಒಂದಷ್ಟು ಕಾಲ ಕಳೆದಿದ್ದಾಗ, ಇಂಡಿಗೆ ಹೋದವಳು ಆಯಿಯನ್ನು ನೋಡಲು ಹೋದೆ. ಮೊಣಕಾಲು ನೋವು, ಕಿವಿ ಮಂದ, ಆದರೆ ಗದರುವ ದನಿ ಹಾಗೇ. ತೋಟದ ಒಂದು ಬದಿಗೆ ದ್ರಾಕ್ಷಿ ಹಚ್ಚಿಸಿದ್ದರು. ಅಳಿಯನ ಮಾತು ಕೇಳಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಶೆಡ್ಡು ಕೂಡ ಹಾಕಿಸಿದ್ದರು. ಉಂಡಾದ ಮೇಲೆ ಅದನ್ನು ತೋರಿಸಲು ಕರೆದೊಯ್ದರು. ಬಾಗಿಲ ಹತ್ತಿರ ಹೋದದ್ದೇ ನನ್ನ ಗಂಟಲು ಹಿಡಿಯಿತು.

"ಆಯಿ, ಇಲ್ಲಿ ಗಂಧಕ ಸುಡಾಕತ್ತೀರಿ!" ಎಂದೆ.

ಆಯಿ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. "ಮಣೂಕ ಬಂಗಾರ ಬಣ್ಣ ಬರಬೇಕಂದ್ರ ಸುಡಬೇಕಂತ. ಬಾಜೂಕಿನಾಂವ ತನ್ನ ಮೆಂತೆ ಕೆಟ್ಟೂ ಅಂತ ಎರಡ ಸಲ ಸೂಡ ಕಿತ್ತ ಕಳಿಸ್ಯಾನ. ಅಂವ ಹೇಳೂದು ಖರೇ ಇರಬೇಕ ನೋಡು. ನಿಮ್ಮ ಸಾಹೇಬ ಮುದ್ದೇಬಿಹಾಳದಾಗ ಅದಾನಲ್ಲ, ಒಮ್ಮಿ ಕರಕೊಂಡ ಬಾ. ಕೊಳವಿ ಎಷ್ಟ ಎತ್ತರ ಮಾಡಬೇಕು, ಸುಣ್ಣದ ನೀರ ಎಲ್ಲಿಂದ ಬಿಡಬೇಕು, ಬಂದ ಹೇಳ್ಲಿ."

ಮರುವಾರ ಸಾಹೇಬರನ್ನು ಕರೆದುಕೊಂಡು ಹೋದೆ. ಕೂದಲು ಪೂರ್ತಿ ಬಿಳಿಯಾಗಿತ್ತು, ಕಿಸೆಯಲ್ಲಿ ಈಗ ಒಂದೇ ಪೆನ್ನು. ಶೆಡ್ಡಿನ ಸುತ್ತ ಎರಡು ಸುತ್ತು ಹಾಕಿ, ಪಕ್ಕದ ಹೊಲದ ಮೆಂತೆ ನೋಡಿ, ಅಲ್ಲಿನ ರೈತನನ್ನೂ ಕಟ್ಟೆಗೆ ಕರೆದು ಕೂರಿಸಿದರು. ಆ ಮಧ್ಯಾಹ್ನವೆಲ್ಲ ನಾಲ್ವರೂ ಅಲ್ಲೇ ಕೂತು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆಯುತ್ತ, ಒಂದು ಸಿಮೆಂಟಿನ ಕೊಳವೆ ಮತ್ತು ಎರಡು ಪೀಪಾಯಿಗಳಲ್ಲಿ ಕೆಲಸ ಮುಗಿಸುವ ಬಗೆ ಹುಡುಕಿದೆವು. ಆಯಿ ನಡುನಡುವೆ ಎದ್ದು ಹೋಗಿ ಚಹಾ ಮಾಡಿಸಿ ತರುತ್ತಿದ್ದರು. ಪಕ್ಕದ ರೈತನಿಗೆ ಸಕ್ಕರೆ ಒಂದು ಚಮಚ ಹೆಚ್ಚು ಹಾಕಿಸಿದ್ದರು.